ಕ್ವಿನ್ನಿಪಿಯಾಕ್ ಐಸ್ ಹಾಕಿ 2022–23: ಹತ್ತು ಸೆಕೆಂಡಿನ ಅದೃಷ್ಟವೋ, ಇಪ್ಪತ್ತೊಂಬತ್ತು ವರ್ಷದ ದುಡಿಮೆಯೋ?

ಹ್ಯಾಮ್ಡನ್‌ವಾಸಿ:

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹ್ಯಾಮ್ಡನ್ ಊರಿನಲ್ಲಿರುವ ಕ್ವಿನ್ನಿಪಿಯಾಕ್ ವಿಶ್ವವಿದ್ಯಾಲಯದ ಪುರುಷರ ಐಸ್ ಹಾಕಿ ತಂಡವು 2023ರ ಏಪ್ರಿಲ್ 8ರಂದು ಫ್ಲೋರಿಡಾದ ಟ್ಯಾಂಪಾದಲ್ಲಿ ಮಿನ್ನೆಸೋಟಾ ತಂಡವನ್ನು 3–2ರಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆ ತಂಡಕ್ಕೆ ದಕ್ಕಿದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಗೆಲುವಿನ ಗೋಲು ಓವರ್‌ಟೈಮ್ ಶುರುವಾದ ಹತ್ತೇ ಸೆಕೆಂಡಿನಲ್ಲಿ ಬಂದದ್ದರಿಂದಲೋ ಏನೋ, ಆ ಇಡೀ ಋತುವನ್ನು ‘ಸಣ್ಣ ಕಾಲೇಜಿನ ಪವಾಡ’ ಎಂದು ಕರೆದು ಮುಗಿಸಿಬಿಡುವ ರೂಢಿ ಬಂದಿದೆ. ಅದಕ್ಕೆ ನನ್ನ ತಕರಾರಿದೆ. ಆ ತಕರಾರನ್ನು ಚರ್ಚೆಗಿಡಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಆ ಋತುವಿನಲ್ಲಿ ತಂಡ ಆಡಿದ 41 ಪಂದ್ಯಗಳಲ್ಲಿ 34 ಗೆಲುವು, 4 ಸೋಲು, 3 ಸಮ. ಅವರು ಆಡುವ ಕಾನ್ಫರೆನ್ಸಿನ, ಅಂದರೆ ಕಾಲೇಜು ತಂಡಗಳ ಗುಂಪಿನ, ಲೀಗ್ ಹಂತದಲ್ಲಿ ಅಗ್ರಸ್ಥಾನವೂ ಅವರದೇ. ರಾಷ್ಟ್ರೀಯ ಟೂರ್ನಿಯ ನಾಲ್ಕು ಪಂದ್ಯಗಳಲ್ಲಿ ಮೆರಿಮ್ಯಾಕ್ ವಿರುದ್ಧ 5–0, ಒಹಾಯೊ ಸ್ಟೇಟ್ ವಿರುದ್ಧ 4–1, ಸೆಮಿಫೈನಲ್‌ನಲ್ಲಿ ಮಿಷಿಗನ್ ವಿರುದ್ಧ 5–2, ಕೊನೆಗೆ ಮಿನ್ನೆಸೋಟಾ ವಿರುದ್ಧ 3–2. ಒಟ್ಟು ಹದಿನೇಳು ಗೋಲು ಹೊಡೆದು ಐದನ್ನಷ್ಟೇ ಬಿಟ್ಟುಕೊಟ್ಟ ತಂಡವನ್ನು ಪವಾಡದ ತಂಡ ಎನ್ನುವುದು ಹೇಗೆ?

ಫೈನಲ್ ಪಂದ್ಯವನ್ನೇ ತೆಗೆದುಕೊಳ್ಳಿ. ಜಾನ್ ಮಿಟಲ್‌ಸ್ಟಾಟ್ ಮತ್ತು ಜ್ಯಾಕ್ಸನ್ ನೆಲ್ಸನ್ ಅವರ ಗೋಲುಗಳಿಂದ ಮಿನ್ನೆಸೋಟಾ 2–0 ಮುನ್ನಡೆ ಪಡೆದಿತ್ತು. ಕ್ರಿಸ್ಟೋಫ್ ಟೆಲಿಯೆ ಒಂದನ್ನು ತೀರಿಸಿದರು, ನಿಗದಿತ ಅವಧಿ ಮುಗಿಯಲು 2 ನಿಮಿಷ 47 ಸೆಕೆಂಡ್ ಉಳಿದಿದ್ದಾಗ ಕಾಲಿನ್ ಗ್ರಾಫ್ ಸಮ ಮಾಡಿದರು. ಆದರೆ ಸ್ಕೋರ್ ಫಲಕ ತೋರಿಸದ ಒಂದು ಸಂಗತಿಯಿದೆ. ಪಂದ್ಯ ಮುಗಿದಾಗ ಗೋಲಿನತ್ತ ಹೊಡೆತಗಳ ಸಂಖ್ಯೆ ಕ್ವಿನ್ನಿಪಿಯಾಕ್‌ಗೆ 30, ಮಿನ್ನೆಸೋಟಾಕ್ಕೆ ಕೇವಲ 15. ಲೋಗನ್ ಕೂಲಿ, ಮ್ಯಾಥ್ಯೂ ನೈಸ್, ಜಿಮ್ಮಿ ಸ್ನಗರೂಡ್ ಎಂಬ ಮೂವರು ಪ್ರತಿಭಾವಂತರನ್ನು ಒಂದೇ ಸಾಲಿನಲ್ಲಿ ಆಡಿಸುತ್ತಿದ್ದ, ಎರಡು ದಿನದ ಹಿಂದೆ ಬಾಸ್ಟನ್ ಯೂನಿವರ್ಸಿಟಿಗೆ ಆರು ಗೋಲು ಹೊಡೆದಿದ್ದ ತಂಡಕ್ಕೆ ಫೈನಲ್‌ನಲ್ಲಿ ಹದಿನೈದೇ ಹೊಡೆತ! ಆ ಮೂವರಲ್ಲಿ ಒಬ್ಬರಿಗೂ ಗೋಲು ಸಿಗಲಿಲ್ಲ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಮ್ಮ ಬಳಿ ಇದ್ದರೆ ತಾನೇ ಹೊಡೆಯುವುದು?

ರ‍್ಯಾಂಡ್ ಪೆಕ್‌ನೋಲ್ಡ್ ಅವರು 1994ರಿಂದ ಇದೇ ತಂಡದ ತರಬೇತುದಾರರು. ಎದುರಾಳಿಗೆ ಪಕ್ ಸಿಗದಂತೆ ಆಡುವುದು, ಸಿಕ್ಕರೂ ರಿಂಕ್‌ನ (ಐಸ್ ಅಂಕಣದ) ಅಂಚಿಗೆ ತಳ್ಳಿ ಉಸಿರುಗಟ್ಟಿಸುವುದು ಅವರು ವರ್ಷಗಟ್ಟಲೆ ಕಲಿಸುತ್ತ ಬಂದ ಪಾಠ. ಗೋಲಿ (ಗೋಲ್‌ಕೀಪರ್) ಯಾನಿವ್ ಪೆರೆಟ್ಸ್ ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 1.17 ಗೋಲುಗಳನ್ನಷ್ಟೇ ಬಿಟ್ಟಿದ್ದರಲ್ಲಿ ಅವರ ಕೈಚಳಕದ ಜೊತೆಗೆ ಈ ಪಾಠದ ಪಾಲೂ ಇದೆ. ಆದ್ದರಿಂದ ಹತ್ತು ಸೆಕೆಂಡಿನ ಗೋಲನ್ನು ಮಾತ್ರ ನೋಡಿ ಆ ಋತುವನ್ನು ತೂಗುವುದು ಸರಿಯಲ್ಲ ಎಂಬುದು ನನ್ನ ವಾದ. ಹಿರಿಯರು, ಬಲ್ಲವರು ಏನೆನ್ನುತ್ತೀರಿ?

ಉತ್ತರತಾರೆ:

ಹ್ಯಾಮ್ಡನ್‌ವಾಸಿಯವರೇ, ವಿಷಯವನ್ನು ಚೆನ್ನಾಗಿ ಮಂಡಿಸಿದ್ದೀರಿ. ನಾನು ಮಿನ್ನಿಯಾಪೊಲಿಸ್‌ನಲ್ಲಿ ನೆಲೆಸಿರುವವನು, ಮಿನ್ನೆಸೋಟಾ ತಂಡದ ಅಭಿಮಾನಿ. ನನ್ನ ಮಾತಿನಲ್ಲಿ ಒಗರು ಕಂಡರೆ ಅದಕ್ಕೆ ಕಾರಣವಿದೆ ಎಂದುಕೊಳ್ಳಿ.

ಪವಾಡ ಎಂಬ ಮಾತನ್ನು ನಾನೂ ಒಪ್ಪುವುದಿಲ್ಲ. ಆದರೆ ನಿಮ್ಮ ಕಾರಣ ಬೇರೆ, ನನ್ನದು ಬೇರೆ. ಕ್ವಿನ್ನಿಪಿಯಾಕ್ ಗೆದ್ದದ್ದು ವಯಸ್ಸಿನ ಬಲದಿಂದ. ಫೈನಲ್ ದಿನ ನಮ್ಮ ಕೂಲಿಗೆ ಹದಿನೆಂಟು, ಸ್ನಗರೂಡ್‌ಗೆ ಹದಿನೆಂಟು, ನೈಸ್‌ಗೆ ಇಪ್ಪತ್ತು. ಎದುರಿಗೆ ನಿಂತ ತಂಡದಲ್ಲಿ ಜ್ಯಾಕ್ ಮೆಟ್ಸಾಗೆ ಇಪ್ಪತ್ತನಾಲ್ಕು, ಈಥನ್ ಡಿ ಜಾಂಗ್ ಮತ್ತು ಸ್ಕೈಲರ್ ಬ್ರಿಂಡಮೋರ್‌ಗೆ ಇಪ್ಪತ್ತಮೂರು. ಕೋವಿಡ್ ಕಾಲದಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಎಲ್ಲ ಆಟಗಾರರಿಗೂ ಒಂದು ವರ್ಷ ಹೆಚ್ಚುವರಿಯಾಗಿ ಆಡಲು ಅವಕಾಶ ಕೊಟ್ಟಿತಲ್ಲ, ಆ ಅವಕಾಶವನ್ನು ಕ್ವಿನ್ನಿಪಿಯಾಕ್‌ನಷ್ಟು ಜಾಣತನದಿಂದ ಬಳಸಿಕೊಂಡವರು ಕಡಿಮೆ. ಐಸ್ ಹಾಕಿಯಲ್ಲಿ ಹದಿನೆಂಟರ ಹುಡುಗನಿಗೂ ಇಪ್ಪತ್ತನಾಲ್ಕರ ಗಂಡಸಿಗೂ ಇರುವ ಅಂತರ ಬರೀ ಅನುಭವದ್ದಲ್ಲ. ಗೋಡೆಯಂಚಿನಲ್ಲಿ ಭುಜಕ್ಕೆ ಭುಜ ಕೊಟ್ಟು ಪಕ್‌ಗಾಗಿ ಸೆಣಸುವಾಗ ಆ ಆರು ವರ್ಷ ಮೈತೂಕವಾಗಿ, ಕಾಲಿನ ಕಸುವಾಗಿ ಎದುರಾಗುತ್ತದೆ. ನೀವು ಹೇಳಿದ 30–15ರ ಲೆಕ್ಕ ಹುಟ್ಟಿದ್ದು ಅಲ್ಲಿಯೇ.

ಇನ್ನೊಂದು ಮಾತು. 34 ಗೆಲುವು ಎನ್ನುತ್ತೀರಿ, ಅವು ಯಾರ ಮೇಲೆ? ಕ್ವಿನ್ನಿಪಿಯಾಕ್ ಆಡುವ ಇಸಿಎಸಿ ಕಾನ್ಫರೆನ್ಸಿನ ಹನ್ನೆರಡು ತಂಡಗಳಲ್ಲಿ ಆರು ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು. ಅವು ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ, ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಆಡಿಸುವುದೂ ಇಲ್ಲ. ಮಿನ್ನೆಸೋಟಾ ಆಡುವ ಬಿಗ್ ಟೆನ್‌ನಲ್ಲಿ ವಾರಾಂತ್ಯ ಬಂತೆಂದರೆ ಮಿಷಿಗನ್, ಒಹಾಯೊ ಸ್ಟೇಟ್, ಪೆನ್ ಸ್ಟೇಟ್‌ನಂಥವರು ಎದುರು ನಿಲ್ಲುತ್ತಾರೆ. ಎರಡೂ ಕಡೆಯ ಗೆಲುವನ್ನು ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ.

ಕೊಡಗಿನ ಕೋಲು:

ನಾನು ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುತ್ತ ಬೆಳೆದವನು; ಹುಲ್ಲಿನ ಮೇಲಿನ, ಟರ್ಫಿನ ಮೇಲಿನ ಹಾಕಿ ಮಾತ್ರ ಗೊತ್ತು. ಎರಡು ಸಂದೇಹಗಳಿವೆ, ದಯವಿಟ್ಟು ಬಿಡಿಸಿ ಹೇಳಿ. ಗ್ರಾಫ್ ಸಮ ಮಾಡಿದ ಗೋಲಿನ ವಿಡಿಯೊದಲ್ಲಿ ಕ್ವಿನ್ನಿಪಿಯಾಕ್‌ನ ಗೋಲಿಯೇ ಕಾಣಿಸಲಿಲ್ಲ. ನಮ್ಮಲ್ಲೂ ಸೋಲುತ್ತಿರುವ ತಂಡ ಕೊನೆಗಳಿಗೆಯಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆಸುವುದುಂಟು. ಇದೂ ಅದೇ ತಂತ್ರವೇ? ಎರಡನೆಯದು, ಹತ್ತು ಸೆಕೆಂಡಿನಲ್ಲಿ ಗೋಲು ಎಂದರೆ ನಡುಗೆರೆಯಿಂದ ಹೊರಟು ಅಷ್ಟರಲ್ಲೇ ಗೋಲು ಮುಟ್ಟುವುದು ಸಾಧ್ಯವೇ?

ಹ್ಯಾಮ್ಡನ್‌ವಾಸಿ:

ಕೊಡಗಿನ ಕೋಲು ಅವರೇ, ಮೊದಲನೆಯದಕ್ಕೆ ಉತ್ತರ ಹೌದು. ಐಸ್ ಹಾಕಿಯಲ್ಲಿ ಗೋಲಿ ಸೇರಿ ಆರು ಜನ ಕಣದಲ್ಲಿರುತ್ತಾರೆ. ಗೋಲಿಯನ್ನು ಬೆಂಚಿಗೆ ಕರೆಸಿಕೊಂಡರೆ ಅವನ ಬದಲು ಆರನೆಯ ದಾಳಿಕೋರನನ್ನು ಇಳಿಸಬಹುದು. ಹಿಂದೆ ಗೋಲು ಬರಿದಾಗಿರುವುದರಿಂದ ಎದುರಾಳಿ ಪಕ್ಕನ್ನು ಕಸಿದು ಅರ್ಧ ರಿಂಕ್ ದೂರದಿಂದ ತಳ್ಳಿದರೂ ಸಾಕು, ಪಂದ್ಯ ಮುಗಿದಂತೆ. ಹಾಗಾಗಿ ಹೆಚ್ಚಿನ ತರಬೇತುದಾರರು ಕೊನೆಯ ಒಂದೂವರೆ ಎರಡು ನಿಮಿಷದವರೆಗೆ ಕಾಯುತ್ತಾರೆ. ಪೆಕ್‌ನೋಲ್ಡ್ ಕಾಯಲಿಲ್ಲ. 2 ನಿಮಿಷ 47 ಸೆಕೆಂಡ್ ಉಳಿದಿರುವಾಗಲೇ ಗೋಲು ಬಂದಿದೆ ಎಂದರೆ ಪೆರೆಟ್ಸ್ ಅದಕ್ಕೂ ಮೊದಲೇ ಬೆಂಚಿನಲ್ಲಿದ್ದರು. ಇಡೀ ರಾತ್ರಿ ಪಕ್ ನಮ್ಮ ಬಳಿಯೇ ಇದೆ, ಇನ್ನೂ ಕೆಲವು ನಿಮಿಷ ಇರುತ್ತದೆ ಎಂಬ ನಂಬಿಕೆ ಇದ್ದವರಿಗೆ ಮಾತ್ರ ಇಂಥ ಧೈರ್ಯ ಬರುತ್ತದೆ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಂಕ್‌ನ ಉದ್ದ 200 ಅಡಿ, ಆದ್ದರಿಂದ ನಡುಬಿಂದುವಿನಿಂದ ಗೋಲಿಗೆ ನೂರಡಿಗಿಂತ ಕಡಿಮೆ ದೂರ. ಸ್ಕೇಟ್ ಮೇಲೆ ಓಡುವವನಿಗೆ ಅದು ನಾಲ್ಕೈದು ಸೆಕೆಂಡಿನ ಹಾದಿ. ಓವರ್‌ಟೈಮ್‌ಗೆ ಮೊದಲಿನ ವಿರಾಮದಲ್ಲಿಯೇ ಕ್ವಿನ್ನಿಪಿಯಾಕ್ ಆ ಆರಂಭದ ಚಲನೆಯನ್ನು ತೀರ್ಮಾನಿಸಿಕೊಂಡಿತ್ತು. ಫೇಸ್‌ಆಫ್‌ನಿಂದ (ಇಬ್ಬರು ಎದುರುಬದುರು ನಿಂತು ಪಕ್‌ಗಾಗಿ ಸೆಣಸಿ ಆಟ ಶುರುಮಾಡುವ ಕ್ಷಣದಿಂದ) ಪಕ್ ಹಿಂದಿದ್ದ ಡಿಫೆನ್ಸ್ ಆಟಗಾರ ಮೆಟ್ಸಾಗೆ ಬಂತು. ಮೆಟ್ಸಾ ಅದನ್ನು ಐಸಿನ ಮೇಲೆ ಜಾರಿಸದೆ, ಎದುರಾಳಿಗಳ ತಲೆಯ ಮೇಲಿಂದ ಹಾಯುವಂತೆ ಎತ್ತಿ ಮುಂದಕ್ಕೆ ಹಾಕಿದರು. ಬದಿಯಿಂದ ಓಡುತ್ತಿದ್ದ ಸ್ಯಾಮ್ ಲಿಪ್ಕಿನ್ ಅದನ್ನು ಹಿಡಿದು ನಡುವಿಗೆ ನುಗ್ಗುತ್ತಿದ್ದ ಜೇಕಬ್ ಕ್ವಿಲನ್‌ಗೆ ಕೊಟ್ಟರು. ಕ್ವಿಲನ್ ಮುಂದೆ ಇದ್ದದ್ದು ಗೋಲಿ ಜಸ್ಟೆನ್ ಕ್ಲೋಸ್ ಒಬ್ಬರೇ. ಅವರನ್ನು ವಂಚಿಸಿ ಪಕ್ಕನ್ನು ಒಳಗೆ ಸೇರಿಸಿದಾಗ ಗಡಿಯಾರ ಹತ್ತು ಸೆಕೆಂಡ್ ದಾಟಿತ್ತು ಅಷ್ಟೆ. ರಾಷ್ಟ್ರೀಯ ಫೈನಲ್‌ಗಳ ಇತಿಹಾಸದಲ್ಲೇ ಅತಿ ವೇಗದ ಓವರ್‌ಟೈಮ್ ಗೋಲು ಅದು. ಕ್ವಿಲನ್ ಅವರೇ ಫ್ರೋಜನ್ ಫೋರ್‌ನ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತದ, ಅತ್ಯುತ್ತಮ ಆಟಗಾರನೆಂದು ಆಯ್ಕೆಯಾದರು.

ಉತ್ತರತಾರೆಯವರೇ, ನಿಮ್ಮ ವಯಸ್ಸಿನ ವಾದಕ್ಕೆ ಇಲ್ಲೇ ಒಂದು ತೊಡಕಿದೆ ನೋಡಿ. ಗೆಲುವಿನ ಗೋಲು ಹೊಡೆದ ಕ್ವಿಲನ್ ಎರಡನೇ ವರ್ಷದ ವಿದ್ಯಾರ್ಥಿ, ಪಕ್ ಕೊಟ್ಟ ಲಿಪ್ಕಿನ್ ಮೊದಲ ವರ್ಷದವರು. ಸಮ ಮಾಡಿದ ಗ್ರಾಫ್‌ಗೂ ಆಗ ಇಪ್ಪತ್ತೇ ವರ್ಷ. ಆ ಕೊನೆಯ ಸರಣಿಯಲ್ಲಿ ನೀವು ಹೇಳುವ ‘ಗಂಡಸು’ ಮೆಟ್ಸಾ ಒಬ್ಬರೇ.

ಅಂಕಿಸಂಕಿ:

ಕಾನ್ಫರೆನ್ಸಿನ ಬಲಾಬಲದ ಪ್ರಶ್ನೆ ಬಂದದ್ದರಿಂದ ಲೆಕ್ಕದ ಕಡೆಯಿಂದ ನಾಲ್ಕು ಮಾತು.

ರಾಷ್ಟ್ರೀಯ ಟೂರ್ನಿಗೆ ಹದಿನಾರು ತಂಡಗಳಿಗೆ ಪ್ರವೇಶ. ಆರು ಕಾನ್ಫರೆನ್ಸುಗಳ ಚಾಂಪಿಯನ್ನರಿಗೆ ನೇರ ಪ್ರವೇಶ ಸಿಗುತ್ತದೆ. ಉಳಿದ ಹತ್ತು ಸ್ಥಾನಗಳನ್ನು 2023ರಲ್ಲಿ ಪೇರ್‌ವೈಸ್ ಎಂಬ ಲೆಕ್ಕಾಚಾರದಿಂದ ತುಂಬುತ್ತಿದ್ದರು. ಇದರಲ್ಲಿ ಪ್ರತಿ ತಂಡವನ್ನೂ ಇನ್ನೊಂದು ತಂಡದೊಡನೆ ಜೋಡಿ ಮಾಡಿ, ಪರಸ್ಪರ ಆಡಿದ ಪಂದ್ಯಗಳು, ಇಬ್ಬರೂ ಎದುರಿಸಿದ ಸಮಾನ ಎದುರಾಳಿಗಳು, ಮತ್ತು ಎದುರಾಳಿಗಳ ಬಲವನ್ನೂ ಸೇರಿಸಿಕೊಂಡ ಒಂದು ಸೂಚ್ಯಂಕ, ಇವುಗಳನ್ನು ಹೋಲಿಸುತ್ತಿದ್ದರು. ಸಮಿತಿಯ ಮನಸ್ಸಿಗೆ, ಪತ್ರಿಕೆಗಳ ಹೊಗಳಿಕೆಗೆ ಇಲ್ಲಿ ಜಾಗ ಬಹಳ ಕಡಿಮೆ. ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಆಯ್ಕೆಗಳ ಸುತ್ತ ಪ್ರತಿವರ್ಷ ಏಳುವ ಜಗಳ ಕಾಲೇಜು ಹಾಕಿಯಲ್ಲಿ ಅಷ್ಟಾಗಿ ಕಾಣದಿರಲು ಇದೇ ಕಾರಣ.

2023ರ ಮಾರ್ಚ್‌ನಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ ನಡೆದ ಇಸಿಎಸಿ ಸೆಮಿಫೈನಲ್‌ನಲ್ಲಿ ಕ್ವಿನ್ನಿಪಿಯಾಕ್ ಎರಡನೇ ಓವರ್‌ಟೈಮ್‌ನಲ್ಲಿ ಕೋಲ್ಗೇಟ್ ವಿಶ್ವವಿದ್ಯಾಲಯಕ್ಕೆ ಸೋತಿತು. ಆ ಕೋಲ್ಗೇಟ್ ಮರುದಿನ ಹಾರ್ವರ್ಡನ್ನೂ ಸೋಲಿಸಿ ಕಾನ್ಫರೆನ್ಸ್ ಚಾಂಪಿಯನ್ ಆಯಿತು. ಅಂದರೆ ಮುಂದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದ ಕೈಗೆ ತನ್ನದೇ ಕಾನ್ಫರೆನ್ಸ್ ಟೂರ್ನಿಯ ಕಪ್ ಸಿಗಲಿಲ್ಲ. ಆದರೂ ಒಟ್ಟಾರೆ ಶ್ರೇಯಾಂಕದಲ್ಲಿ ಮಿನ್ನೆಸೋಟಾ ಮೊದಲನೆಯದು, ಕ್ವಿನ್ನಿಪಿಯಾಕ್ ಎರಡನೆಯದು. ಒಂದು ರಾತ್ರಿಯ ಸೋಲಿಗೆ ಅಕ್ಟೋಬರಿನಿಂದ ಆಡಿದ ಆಟವನ್ನೆಲ್ಲ ಅಳಿಸುವ ಶಕ್ತಿ ಈ ಲೆಕ್ಕದಲ್ಲಿ ಇರಲಿಲ್ಲ.

ಹಾಗಾಗಿ ‘ಗೆಲುವು ಯಾರ ಮೇಲೆ’ ಎಂಬ ಪ್ರಶ್ನೆಗೆ ಸೂಚ್ಯಂಕ ಮೊದಲೇ ಉತ್ತರಿಸಿತ್ತು. ಸೂಚ್ಯಂಕದ ಮೇಲೆ ನಂಬಿಕೆ ಇಲ್ಲದವರು ಟೂರ್ನಿಯ ಪಟ್ಟಿಯನ್ನು ಇನ್ನೊಮ್ಮೆ ನೋಡಬಹುದು. ಕ್ವಿನ್ನಿಪಿಯಾಕ್ ಕೊನೆಯ ಮೂರು ಪಂದ್ಯಗಳಲ್ಲಿ ಸೋಲಿಸಿದ ಒಹಾಯೊ ಸ್ಟೇಟ್, ಮಿಷಿಗನ್, ಮಿನ್ನೆಸೋಟಾ ಮೂರೂ ಬಿಗ್ ಟೆನ್ ತಂಡಗಳೇ.

ಮೂರು ಸಮಗಳ ಬಗ್ಗೆ ಯಾರಾದರೂ ಕೇಳಬಹುದೆಂದು ಮುಂಚಿತವಾಗಿಯೇ ಹೇಳುತ್ತೇನೆ: ಸಾಮಾನ್ಯ ಋತುವಿನ ಪಂದ್ಯಗಳಲ್ಲಿ ಓವರ್‌ಟೈಮ್ ಐದೇ ನಿಮಿಷ, ಅದೂ ತಂಡಕ್ಕೆ ಮೂವರಂತೆ. ಅಲ್ಲಿಯೂ ತೀರ್ಮಾನವಾಗದಿದ್ದರೆ ಎನ್‌ಸಿಎಎ ದಾಖಲೆಯಲ್ಲಿ ಅದು ಸಮ. ರಾಷ್ಟ್ರೀಯ ಟೂರ್ನಿಯಲ್ಲಿ ಹಾಗಿಲ್ಲ. ಐವರಂತೆಯೇ, ಇಪ್ಪತ್ತಿಪ್ಪತ್ತು ನಿಮಿಷಗಳ ಅವಧಿ, ಗೋಲು ಬೀಳುವವರೆಗೆ.

ಉತ್ತರತಾರೆ:

ಬಿಗ್ ಟೆನ್ ಮಾತನ್ನು ಹಿಂತಿರುಗಿಸಿ ನನಗೇ ಹೊಡೆದಿರಿ, ಸರಿ. ಮೂರಕ್ಕೆ ಮೂರು ಗೆದ್ದವರ ಮುಂದೆ ಕಾನ್ಫರೆನ್ಸಿನ ಬಲದ ವಾದ ನಿಲ್ಲುವುದಿಲ್ಲ.

ವಯಸ್ಸಿನ ವಾದವನ್ನು ಮಾತ್ರ ಬಿಡುವುದಿಲ್ಲ. ಲಿಪ್ಕಿನ್ ಮೊದಲ ವರ್ಷದವರಿರಬಹುದು, ಆದರೆ ಆಗ ಅವರಿಗೂ ಇಪ್ಪತ್ತು. ಮೊದಲ ವರ್ಷದ ಕೂಲಿಗಿಂತ ಎರಡು ವರ್ಷ ದೊಡ್ಡವರು. ಶಾಲೆ ಮುಗಿಸಿದ ಮೇಲೆ ಜೂನಿಯರ್ ಲೀಗುಗಳಲ್ಲಿ ಒಂದೆರಡು ವರ್ಷ ಆಡಿ ಮಾಗಿದವರನ್ನು ತಂದು ನಾಲ್ಕೈದು ವರ್ಷ ಇಟ್ಟುಕೊಳ್ಳುವುದು ಒಂದು ಮಾರ್ಗ. ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತುಗಳ ಹುಡುಗರನ್ನು ಹದಿನೆಂಟಕ್ಕೇ ತಂದು, ಒಂದೆರಡು ವರ್ಷ ಆಡಿಸಿ ಕಳುಹಿಸಿಕೊಡುವುದು ಇನ್ನೊಂದು. ನಮ್ಮದು ಎರಡನೆಯ ಮಾರ್ಗ. ನೈಸ್ ಅವರನ್ನೇ ನೋಡಿ, ಶನಿವಾರ ರಾತ್ರಿ ಟ್ಯಾಂಪಾದಲ್ಲಿ ಸೋತರು, ಸೋಮವಾರ ಟೊರೊಂಟೊ ಪರವಾಗಿ ಎನ್‌ಎಚ್‌ಎಲ್‌ಗೆ ಪದಾರ್ಪಣೆ ಮಾಡಿದರು! ಮಿನ್ನೆಸೋಟಾದ ಆ ತಂಡದಲ್ಲಿ ಡ್ರಾಫ್ಟ್ ಆದವರು ಹತ್ತಕ್ಕೂ ಹೆಚ್ಚು ಮಂದಿ. ಕ್ವಿನ್ನಿಪಿಯಾಕ್‌ನ ಗ್ರಾಫ್, ಕ್ವಿಲನ್, ಪೆರೆಟ್ಸ್, ಮೆಟ್ಸಾ ಇವರಾರನ್ನೂ ಯಾವ ಎನ್‌ಎಚ್‌ಎಲ್ ತಂಡವೂ ಡ್ರಾಫ್ಟ್‌ನಲ್ಲಿ ಕೇಳಿರಲಿಲ್ಲ. ಪ್ರತಿಭೆಯಲ್ಲಿ ಹಿಂದಿದ್ದವರು ಗೆದ್ದರು ಎಂದಮೇಲೆ ಬೇರೆ ಯಾವುದೋ ಬಲ ಅವರ ಕಡೆಗಿತ್ತು ಎಂದೇ ಅರ್ಥವಲ್ಲವೇ?

ಒಂದು ವಿಷಯವನ್ನು ನ್ಯಾಯವಾಗಿ ಹೇಳಬೇಕು. ಎರಡು ಗೋಲು ಮುಂದಿದ್ದಾಗ ನಾವು ಆಡಿದ ರೀತಿ ನನಗೆ ಹಿಡಿಸಲಿಲ್ಲ. ಮುನ್ನಡೆಯನ್ನು ಕಾಪಾಡಿಕೊಳ್ಳುವುದೇ ಆಟವೆಂಬಂತೆ ಹಿಂದೆ ಸರಿದು ಕೂತೆವು. ಅದಕ್ಕೆ ವಯಸ್ಸನ್ನು ದೂರಲಾಗದು.

ಹಳೆಯ ರಿಂಕ್:

ಇಲ್ಲಿಯವರೆಗಿನ ಚರ್ಚೆಯೆಲ್ಲ ಒಂದು ರಾತ್ರಿಯ ಸುತ್ತ ಸುತ್ತುತ್ತಿದೆ. ಶೀರ್ಷಿಕೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಎಂದಿದ್ದೀರಿ, ಆ ಕಡೆಗೂ ಸ್ವಲ್ಪ ಹೋಗೋಣ.

ಪೆಕ್‌ನೋಲ್ಡ್ 1994ರಲ್ಲಿ ಬಂದಾಗ ಕ್ವಿನ್ನಿಪಿಯಾಕ್ ಎರಡನೇ ದರ್ಜೆಯಲ್ಲಿ, ಅಂದರೆ ಡಿವಿಷನ್ ಎರಡರಲ್ಲಿ ಆಡುತ್ತಿತ್ತು. ಅವರಿಗೆ ಸಿಗುತ್ತಿದ್ದ ವರ್ಷದ ಸಂಬಳ 6,700 ಡಾಲರ್. ಹೊಟ್ಟೆಪಾಡಿಗೆ ಹಗಲು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ತಂಡಕ್ಕೆ ಸ್ವಂತ ರಿಂಕ್ ಇರಲಿಲ್ಲ. ಬಾಡಿಗೆ ರಿಂಕ್‌ನಲ್ಲಿ ಐಸ್ ಖಾಲಿಯಾಗುವುದು ನಡುರಾತ್ರಿಗೆ, ಅಭ್ಯಾಸವೂ ಆಗಲೇ. 1998ರಲ್ಲಿ ಡಿವಿಷನ್ ಒಂದಕ್ಕೆ ಬಡ್ತಿ, 2005ರಲ್ಲಿ ಇಸಿಎಸಿ ಪ್ರವೇಶ, 2007ರಲ್ಲಿ ಯಾರ್ಕ್ ಹಿಲ್ ಗುಡ್ಡದ ಮೇಲೆ ಸ್ವಂತ ಕ್ರೀಡಾಂಗಣ. ಒಂದೇ ಸೂರಿನಡಿ ಒಂದು ಬದಿಗೆ ಹಾಕಿ, ಇನ್ನೊಂದು ಬದಿಗೆ ಬ್ಯಾಸ್ಕೆಟ್‌ಬಾಲ್. ಹಾಕಿ ಬದಿಯಲ್ಲಿ ಮೂರು ಸಾವಿರ ಚಿಲ್ಲರೆ ಜನ ಹಿಡಿಯುತ್ತಾರೆ. ಮಿನ್ನೆಸೋಟಾದ ಮಾರಿಯುಚಿ ಕ್ರೀಡಾಂಗಣದಲ್ಲಿ ಅದರ ಮೂರುಪಟ್ಟು.

ಇಲ್ಲಿ ಹ್ಯಾಮ್ಡನ್‌ವಾಸಿಯವರ ಜೊತೆ ನನಗೊಂದು ಭಿನ್ನಾಭಿಪ್ರಾಯವಿದೆ. ಇದೆಲ್ಲವನ್ನೂ ಒಬ್ಬ ತರಬೇತುದಾರನ ತಪಸ್ಸು ಎಂದು ಬಣ್ಣಿಸಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. 1987ರಿಂದ 2018ರವರೆಗೆ ಅಧ್ಯಕ್ಷರಾಗಿದ್ದ ಜಾನ್ ಲೇಹಿ ಅವರ ಕಾಲದಲ್ಲಿ ಆ ವಿಶ್ವವಿದ್ಯಾಲಯ ತನ್ನ ಹೆಸರನ್ನು ರಾಷ್ಟ್ರಮಟ್ಟಕ್ಕೆ ಒಯ್ಯಲು ಹೊರಟಿತ್ತು, ಅದಕ್ಕೆ ಹಾಕಿಯೂ ಒಂದು ವಾಹನವಾಯಿತು. ದುಡ್ಡು ಸುರಿದರು, ಕ್ರೀಡಾಂಗಣ ಕಟ್ಟಿದರು, ವಿದ್ಯಾರ್ಥಿವೇತನ ಕೊಟ್ಟರು. ಐವಿ ಕಾಲೇಜುಗಳು ಕೊಡದ್ದನ್ನು ಅವುಗಳ ನಡುವೆಯೇ ಕೂತು ಕೊಟ್ಟರೆ ಕಾನ್ಫರೆನ್ಸಿನಲ್ಲಿ ಮೇಲೆ ಬರುವುದು ತೀರಾ ಆಶ್ಚರ್ಯದ ಸಂಗತಿಯಲ್ಲ. 2020–21ರಲ್ಲಿ ಐವಿ ಕಾಲೇಜುಗಳು ಕ್ರೀಡೆಯನ್ನೇ ನಿಲ್ಲಿಸಿ, ಇಸಿಎಸಿಯಲ್ಲಿ ನಾಲ್ಕೇ ತಂಡಗಳು ಆಡಿದವಲ್ಲ, ಆ ನಾಲ್ಕರಲ್ಲಿ ಕ್ವಿನ್ನಿಪಿಯಾಕ್ ಒಂದು. 2023ರ ಹಿರಿಯ ಆಟಗಾರರು ಆ ವರ್ಷವೂ ಐಸ್ ಮೇಲೆಯೇ ಇದ್ದರು. ಯೇಲ್, ಹಾರ್ವರ್ಡ್ ಆಟಗಾರರು ಮನೆಯಲ್ಲಿದ್ದರು.

ಆದರೂ ದುಡ್ಡೊಂದೇ ಸಾಲದು ಎಂಬುದಕ್ಕೆ 2013 ಮತ್ತು 2016 ಸಾಕ್ಷಿ. 2013ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಫೈನಲ್. ಎದುರಾಳಿ ಪಕ್ಕದ ನ್ಯೂ ಹೇವನ್‌ನ ಯೇಲ್. ಅದೇ ಋತುವಿನಲ್ಲಿ ಮೂರು ಬಾರಿ ಸೋಲಿಸಿದ್ದ ತಂಡ. ನಾಲ್ಕನೆಯ ಬಾರಿ, ಎಲ್ಲಕ್ಕಿಂತ ಮುಖ್ಯವಾದ ದಿನ, 4–0ಯಿಂದ ಸೋತರು. 2016ರಲ್ಲಿ ನಾರ್ತ್ ಡಕೋಟ ವಿರುದ್ಧ 5–1ರ ಸೋಲು. ಅದು ನಡೆದದ್ದೂ ಟ್ಯಾಂಪಾದ ಅದೇ ಕ್ರೀಡಾಂಗಣದಲ್ಲಿ. ಎರಡೂ ಸಲ ತಂಡ ಚೆನ್ನಾಗಿಯೇ ಇತ್ತು, ಶ್ರೇಯಾಂಕವೂ ಮೇಲಿತ್ತು.

ಹ್ಯಾಮ್ಡನ್‌ವಾಸಿ:

ಹಳೆಯ ರಿಂಕ್ ಅವರೇ, ದುಡ್ಡಿನ ಮಾತು ಸರಿಯಾಗಿದೆ, ಅದನ್ನು ಸೇರಿಸಿಯೇ ಓದಬೇಕು. ಆದರೆ ಅಷ್ಟೇ ದುಡ್ಡು ಸುರಿದು ಫ್ರೋಜನ್ ಫೋರ್ ಮುಖ ನೋಡದ ವಿಶ್ವವಿದ್ಯಾಲಯಗಳೂ ಇವೆ. ದುಡ್ಡು ಬಂದ ಮೇಲೆ ಯಾರನ್ನು ಆರಿಸಿದರು ಎಂಬುದರಲ್ಲಿ ಪೆಕ್‌ನೋಲ್ಡ್ ಅವರ ಕೈ ಕಾಣುತ್ತದೆ. ಮೊದಲ ಸುತ್ತಿನ ಹುಡುಗರ ಹಿಂದೆ ಮಿಷಿಗನ್, ಮಿನ್ನೆಸೋಟಾ, ಬಾಸ್ಟನ್‌ಗಳ ಜೊತೆ ಪೈಪೋಟಿಗಿಳಿದರೆ ತಮಗೆ ಸಿಗುವುದು ಉಳಿಕೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಬೇರೆಯವರು ಕೈಬಿಟ್ಟವರನ್ನು, ತಡವಾಗಿ ಬೆಳೆದವರನ್ನು ಹುಡುಕಿದರು. ನೋವಾ ಸ್ಕೋಷಿಯಾದ ಡಾರ್ಟ್‌ಮತ್‌ನಿಂದ ಕ್ವಿಲನ್, ಕ್ವಿಬೆಕ್‌ನಿಂದ ಪೆರೆಟ್ಸ್. ಗ್ರಾಫ್ ಅಂತೂ ಮೊದಲ ವರ್ಷ ಇದೇ ಕಾನ್ಫರೆನ್ಸಿನ ಯೂನಿಯನ್ ಕಾಲೇಜಿನಲ್ಲಿ ಆಡಿ, ಅಲ್ಲಿಂದ ವರ್ಗವಾಗಿ ಬಂದವರು. ಬಂದ ವರ್ಷವೇ ಗೋಲು ಮತ್ತು ಗೋಲಿಗೆ ನೆರವು ಸೇರಿ 59 ಅಂಕ ಗಳಿಸಿದರು.

ಉತ್ತರತಾರೆಯವರು ಇದನ್ನು ವಯಸ್ಸಿನ ಬಲ ಎನ್ನುತ್ತಾರೆ, ನಾನು ಆಯ್ಕೆಯ ಬಲ ಎನ್ನುತ್ತೇನೆ. ಅವರ ಗೋಲಿ ಕ್ಲೋಸ್, ಎರಡನೇ ಗೋಲು ಹೊಡೆದ ನೆಲ್ಸನ್ ಕೂಡ ಎಳೆಯರೇನಲ್ಲ. ಹೆಚ್ಚುವರಿ ವರ್ಷದ ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಸೆಮಿಫೈನಲ್‌ನಲ್ಲಿ ಎದುರಾದ ಮಿಷಿಗನ್‌ನ ಆಡಂ ಫ್ಯಾಂಟಿಲಿ ಹದಿನೆಂಟಕ್ಕೇ ಆ ವರ್ಷದ ಹೋಬಿ ಬೇಕರ್ ಪ್ರಶಸ್ತಿ ಪಡೆದರು. ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರ ಹದಿನೆಂಟರವನಾಗಬಹುದಾದರೆ, ವಯಸ್ಸೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ಕೊಡಗಿನ ಕೋಲು:

ವಿವರಣೆಗೆ ಧನ್ಯವಾದಗಳು. ಗೆದ್ದ ತಂಡ ಮುಂದಿನ ವರ್ಷ ಏನಾಯಿತು? ಹಿರಿಯರೆಲ್ಲ ಹೊರಟುಹೋದ ಮೇಲೆ ಆ ಪದ್ಧತಿ ಉಳಿಯಿತೇ ಎಂಬುದು ಗೊತ್ತಾದರೆ ಇಬ್ಬರ ವಾದದಲ್ಲಿ ಯಾವುದು ಸರಿ ಎಂದು ತಿಳಿಯಲು ಅನುಕೂಲ.

ಅಂಕಿಸಂಕಿ:

ಪೆರೆಟ್ಸ್ ಪ್ರಶಸ್ತಿಯ ಬೆನ್ನಿಗೇ ಕೆರೊಲಿನಾ ಹರಿಕೇನ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಮೆಟ್ಸಾ ಮುಂತಾದ ಹಿರಿಯರ ಅವಧಿಯೂ ಮುಗಿದಿತ್ತು. ಹೀಗಿದ್ದೂ 2023–24ರಲ್ಲಿ ಕ್ವಿನ್ನಿಪಿಯಾಕ್ ಮತ್ತೆ ಇಸಿಎಸಿ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದು, ರಾಷ್ಟ್ರೀಯ ಟೂರ್ನಿಯ ಪ್ರಾದೇಶಿಕ ಫೈನಲ್‌ವರೆಗೆ ಹೋಯಿತು. ಅಲ್ಲಿ ಪ್ರತಿಭೆಯ ಗಣಿಯಂತಿದ್ದ ಬಾಸ್ಟನ್ ಕಾಲೇಜ್ ಅವರನ್ನು ಓವರ್‌ಟೈಮ್‌ನಲ್ಲಿ 5–4ರಿಂದ ಸೋಲಿಸಿತು. ಅದಾದ ಮೇಲೆ ಗ್ರಾಫ್ ಸ್ಯಾನ್ ಹೊಸೆ ತಂಡಕ್ಕೂ ಕ್ವಿಲನ್ ಟೊರೊಂಟೊ ತಂಡಕ್ಕೂ ಸಹಿ ಹಾಕಿದರು. ಹಿರಿಯರು ಹೋದ ಮೇಲೂ ಪದ್ಧತಿ ಉಳಿದದ್ದು ಹ್ಯಾಮ್ಡನ್‌ವಾಸಿಯವರ ಕಡೆಗೆ ಒಂದು ಅಂಕ ಎನ್ನಬಹುದು.

ಉತ್ತರತಾರೆ:

ಆ ಅಂಕವನ್ನು ಕೊಟ್ಟೆ. ಆದರೆ ಈ ಪೈಪೋಟಿಯ ನೆಲವೇ ಈಗ ಬದಲಾಗಿದೆ. ಕೆನಡಾದ ಒಎಚ್‌ಎಲ್, ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಲೀಗುಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಪರಿಗಣಿಸಿ ಎನ್‌ಸಿಎಎ ದಶಕಗಳ ಕಾಲ ಹೊರಗಿಟ್ಟಿತ್ತು. 2024ರ ನವೆಂಬರಿನಲ್ಲಿ ಆ ನಿಯಮವನ್ನು ಸಡಿಲಿಸಲು ತೀರ್ಮಾನವಾಗಿ, 2025ರ ಆಗಸ್ಟ್ 1ರಿಂದ ಜಾರಿಗೆ ಬಂತು. ಹತ್ತೊಂಬತ್ತು, ಇಪ್ಪತ್ತು ವರ್ಷದ, ಆ ಕಠಿಣ ಲೀಗುಗಳಲ್ಲಿ ಪಳಗಿದ ಆಟಗಾರರು ಈಗ ಯಾವ ಕಾಲೇಜಿಗೆ ಬೇಕಾದರೂ ಬರಬಹುದು. ಕ್ವಿನ್ನಿಪಿಯಾಕ್ ಇಷ್ಟು ದಿನ ಹುಡುಕಿ ತರುತ್ತಿದ್ದ ಮಾಗಿದ ಆಟಗಾರ ಇನ್ನು ಮಿಷಿಗನ್, ಮಿನ್ನೆಸೋಟಾ, ಪೆನ್ ಸ್ಟೇಟ್ ಬಾಗಿಲಿಗೂ ಬಂದು ನಿಲ್ಲುತ್ತಾನೆ. ಅಲ್ಲಿ ದುಡ್ಡೂ ಇದೆ, ಹೆಸರೂ ಇದೆ. ಪೆಕ್‌ನೋಲ್ಡ್ ಅವರ ಬಲ ಆಯ್ಕೆಯದ್ದೇ ಆಗಿದ್ದರೆ ಅವರು ಈ ಹೊಸ ರಾಶಿಯಲ್ಲೂ ತಮಗೆ ಬೇಕಾದವರನ್ನು ಹೆಕ್ಕಿಕೊಳ್ಳುತ್ತಾರೆ. ವಯಸ್ಸಿನದ್ದಾಗಿದ್ದರೆ ಆ ಮೇಲುಗೈ ಎರಡು ಮೂರು ಋತುಗಳಲ್ಲಿ ಕರಗುತ್ತದೆ. ಇಸಿಎಸಿ ಅಂಕಪಟ್ಟಿಯ ಮೇಲೆ ನಾನಂತೂ ಕಣ್ಣಿಟ್ಟಿರುತ್ತೇನೆ.

ಹಳೆಯ ರಿಂಕ್:

ಅಂಕಪಟ್ಟಿಯ ಜೊತೆಗೆ ಮಾರ್ಚ್ ಕೊನೆಯ ವಾರವನ್ನೂ ನೋಡಿ. ಐವಿ ಕಾಲೇಜುಗಳು ವಿದ್ಯಾರ್ಥಿವೇತನದ ನಿಲುವನ್ನು ಬದಲಿಸುವವರೆಗೆ ಇಸಿಎಸಿಯಲ್ಲಿ ಕ್ವಿನ್ನಿಪಿಯಾಕ್ ಮೇಲೆಯೇ ಇರುತ್ತದೆ, ಅದರಿಂದ ಏನೂ ಸಾಬೀತಾಗದು. ಪ್ರಾದೇಶಿಕ ಹಂತದಲ್ಲಿ ಬಿಗ್ ಟೆನ್, ಹಾಕಿ ಈಸ್ಟ್ ಕಾನ್ಫರೆನ್ಸುಗಳ ತಂಡಗಳು ಎದುರಾದಾಗ ಹೊಡೆತಗಳ ಲೆಕ್ಕ ಯಾರ ಕಡೆಗಿದೆ ಎಂಬುದೇ ನಿಮ್ಮಿಬ್ಬರ ಪ್ರಶ್ನೆಗೆ ಸರಿಯಾದ ಅಳತೆ.